ಓದುಗರ ಪ್ರಶ್ನೆ, ನಮ್ಮ ಉತ್ತರ: ಘಟಿಕೋತ್ಸವಕ್ಕೆ ಏನು ಉಡಬೇಕು, ಏನು ಕೊಡಬೇಕು?

ಮದುವೆ, ಗೃಹಪ್ರವೇಶಕ್ಕೆ ಏನು ಉಡಬೇಕು, ಎಷ್ಟು ಮುಯ್ಯಿ ಮಾಡಬೇಕು ಎಂದು ಮಲೆನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಮನೆಯ ಮಕ್ಕಳ ಘಟಿಕೋತ್ಸವಕ್ಕೆ ಮಾತ್ರ ಅಂಥ ರೂಢಿ ಇನ್ನೂ ಗಟ್ಟಿಯಾಗಿಲ್ಲ. ಈ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಅಕ್ಕನ ಮಗಳಿಗೆ ಎಂ.ಎ.ಯಲ್ಲಿ ಚಿನ್ನದ ಪದಕ ಬಂದಿದೆ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದ ಘಟಿಕೋತ್ಸವ. ಹೊರಗೆ ಬಿಡದ ಮಳೆ. ರೇಷ್ಮೆ ಸೀರೆ ಉಡಬಹುದೆ? ನಮ್ಮ ಮನೆಯವರು ಪಂಚೆ ಬಿಟ್ಟು ಬೇರೆ ಉಡುವವರಲ್ಲ. — ಗೃಹಿಣಿ, ತೀರ್ಥಹಳ್ಳಿ

ರೇಷ್ಮೆ ಉಡಿ, ಆದರೆ ಧಾರೆ ಸೀರೆ ಬೇಡ. ನಿಮ್ಮಲ್ಲಿಂದ ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ಮತ್ತೆ ಸುಮಾರು 28 ಕಿ.ಮೀ. ಹೋಗಬೇಕು. ಆಮೇಲೆ ಸಭಾಂಗಣದಲ್ಲಿ ಎರಡು ಮೂರು ತಾಸು ಕೂರಬೇಕು. ದೊಡ್ಡ ಜರಿ ಅಂಚಿನ ಸೀರೆಯ ಭಾರಕ್ಕೆ, ತುಂಬಿದ ಸಭೆಯ ಸೆಕೆಗೆ ಅರ್ಧ ದಾರಿಯಲ್ಲೇ ಸಾಕೆನಿಸುತ್ತದೆ. ಸಣ್ಣ ಅಂಚಿನ ಮೆದು ರೇಷ್ಮೆ ಅಥವಾ ಹತ್ತಿ-ರೇಷ್ಮೆ ಮಿಶ್ರದ ಸೀರೆ ಒಳ್ಳೆಯದು. ಬಣ್ಣ ಸ್ವಲ್ಪ ಗಾಢವಾಗಿದ್ದರೆ ನೀರಿನ ಕಲೆ ಎದ್ದು ಕಾಣುವುದಿಲ್ಲ. ಪದಕ ಪಡೆಯುವವರಿಗೆ ಬಿಳಿ ಉಡುಪನ್ನೇ ಗೊತ್ತು ಮಾಡುವ ವಿಶ್ವವಿದ್ಯಾಲಯಗಳಿವೆ. ಆಹ್ವಾನದ ಜೊತೆಗೆ ಬಂದ ಸೂಚನೆ ನೋಡಿ, ಹಾಗಿದ್ದರೆ ನೀವು ಬಿಳಿ ಬಿಟ್ಟುಬಿಡಿ.

ಸೀರೆಯನ್ನು ಒಂದೆರಡು ಅಂಗುಲ ಮೇಲೆತ್ತಿ ಉಡಿ. ಕೆಮ್ಮಣ್ಣಿನ ಕೆಸರು ಮೊದಲು ಹಿಡಿಯುವುದು ಫಾಲ್‌ಗೇ. ಹಿಡಿದರೆ ಹಸಿಯಲ್ಲಿ ಉಜ್ಜಬೇಡಿ. ಒಣಗಿದ ಮೇಲೆ ಮೆತ್ತನೆಯ ಬ್ರಷ್‌ನಿಂದ ಉದುರಿಸಿ, ಉಳಿದ ಕಲೆಯನ್ನಷ್ಟೇ ತೊಳೆಯಿರಿ. ರೇಷ್ಮೆ ಮೇಲೆ ಮಳೆಹನಿ ಬಿದ್ದ ಕಡೆ ಉಂಗುರದಂಥ ಗುರುತು ಏಳುವುದು ಬಟ್ಟೆಗೆ ಕೊಟ್ಟ ಗಂಜಿ ಕರಗಿ ಹನಿಯ ಅಂಚಿನಲ್ಲಿ ಕೂಡಿಕೊಳ್ಳುವುದರಿಂದ. ಒಣ ಹತ್ತಿಬಟ್ಟೆಯಿಂದ ಒತ್ತಿ ನೀರು ಹೀರಿಸಿ, ತಿಕ್ಕಬೇಡಿ. ಮನೆಗೆ ಬಂದವರೇ ಸೀರೆ ಮಡಚಿ ಬೀರುವಿಗೆ ಹಾಕಬೇಡಿ. ತೇವ ಉಳಿದರೆ ಜರಿ ಕಪ್ಪಾಗುತ್ತದೆ, ಬೂಷ್ಟೂ ಹಿಡಿಯುತ್ತದೆ. ನೆರಳಲ್ಲಿ ಹರವಿ ಒಂದು ರಾತ್ರಿ ಬಿಡಿ.

ನಿಮ್ಮ ಮನೆಯವರ ಪಂಚೆಗೆ ಯಾವ ಅಡ್ಡಿಯೂ ಇಲ್ಲ. ಇಸ್ತ್ರಿ ಮಾಡಿದ ಬಿಳಿ ಪಂಚೆ, ತುಂಬುತೋಳಿನ ಅಂಗಿ, ಹೆಗಲಿಗೆ ಶಲ್ಯ ಯಾವ ಸೂಟಿಗೂ ಕಡಿಮೆಯಲ್ಲ. ಪಂಚೆಯ ಮೇಲೆ ಬೆಲ್ಟ್ ಬಿಗಿದುಕೊಂಡರೆ ಎದ್ದು ಕೂರುವಾಗ ಸಡಿಲವಾಗುವುದಿಲ್ಲ. ಅಂಗಳದ ಕೆಸರಿಗೆಂದು ಎತ್ತಿ ಕಟ್ಟಿದ್ದನ್ನು ಬಾಗಿಲಲ್ಲೇ ಇಳಿಸಲಿ. ನಾಡಗೀತೆಗೆ ಎದ್ದು ನಿಲ್ಲಬೇಕು. 2022ರ ಸರ್ಕಾರಿ ಆದೇಶದಂತೆ ಅದು ಎರಡೂವರೆ ನಿಮಿಷ. ಮಂಡಿ ಮೇಲೆ ಕಟ್ಟಿದ ಪಂಚೆಯಲ್ಲಿ ಅಷ್ಟು ಹೊತ್ತು ನಿಂತರೆ ಚೆನ್ನಾಗಿ ಕಾಣುವುದಿಲ್ಲ. ಚರ್ಮದ ಚಪ್ಪಲಿಯನ್ನು ಎರಡು ದಿನ ಮೊದಲೇ ಹೊರಗೆ ತೆಗೆದು ನೋಡಿ. ಆಷಾಢದಲ್ಲಿ ಮೂಲೆಯಲ್ಲಿಟ್ಟ ಚರ್ಮಕ್ಕೆ ಬೂಷ್ಟು ಬಂದೇ ಬಂದಿರುತ್ತದೆ.

ಇನ್ನೊಂದು ಮಾತು: ರಾಜ್ಯಪಾಲರೇ ಕುಲಾಧಿಪತಿಗಳು. ಅವರು ಬರುವ ದಿನ ತಪಾಸಣೆ ಬಿಗಿ. ನೀರಿನ ಬಾಟಲಿ, ದೊಡ್ಡ ಚೀಲ, ಕೊಡೆ ಒಳಗೆ ಬಿಡದಿರಬಹುದು. ಗಣ್ಯರ ಮೆರವಣಿಗೆ ಒಳಬರುವ ಹೊತ್ತಿಗೆ ಬಾಗಿಲು ಮುಚ್ಚುತ್ತಾರೆ. ಆದ್ದರಿಂದ ಒಂದು ಗಂಟೆ ಮೊದಲೇ ಅಲ್ಲಿರಿ.

ತಮ್ಮನ ಮಗ ಬಿ.ಕಾಂ. ಪಾಸಾಗಿದ್ದಾನೆ. ನಾವೆಲ್ಲ ಒಂದು ವ್ಯಾನ್ ಮಾಡಿಕೊಂಡು ಘಟಿಕೋತ್ಸವಕ್ಕೆ ಹೋಗೋಣವೆ? — ಹೊಸನಗರ

ಮೊದಲು ಅವನನ್ನು ವೇದಿಕೆಗೆ ಕರೆದಿದ್ದಾರೆಯೇ ಕೇಳಿಕೊಳ್ಳಿ. ಕಾಲೇಜುಗಳನ್ನು ಸಂಯೋಜಿಸಿಕೊಂಡಿರುವ ವಿಶ್ವವಿದ್ಯಾಲಯಗಳಲ್ಲಿ ಸಾವಿರಾರು ಪದವೀಧರರಿರುತ್ತಾರೆ. ಸಾಮಾನ್ಯವಾಗಿ ಚಿನ್ನದ ಪದಕದವರು ಮತ್ತು ಪಿಎಚ್‌.ಡಿ.ಯವರನ್ನಷ್ಟೇ ಹೆಸರು ಹಿಡಿದು ಕರೆಯುತ್ತಾರೆ. ಉಳಿದವರ ಪ್ರಮಾಣಪತ್ರ ಆಮೇಲೆ ಕಾಲೇಜಿಗೆ ಬರುತ್ತದೆ. ಹಾಗಿದ್ದರೆ ವ್ಯಾನಿನ ದುಡ್ಡು ಉಳಿಸಿ, ಪ್ರಮಾಣಪತ್ರ ಕೈಗೆ ಬಂದ ದಿನ ಮನೆಯಲ್ಲೇ ಎಲ್ಲರನ್ನೂ ಕರೆದು ಕಡುಬು-ಪಾಯಸದ ಊಟ ಹಾಕಿ. ಹುಡುಗನಿಗೆ ಅದೇ ಹೆಚ್ಚಿನ ಸಂತೋಷ.

ಸೀರೆ ಮೇಲೆ ಗೌನು ಹಾಕಿಕೊಳ್ಳಬೇಕಂತೆ. ಹೆಗಲ ಮೇಲಿನ ಬಣ್ಣದ ಪಟ್ಟಿ ಹಿಂದಕ್ಕೆ ಜಾರಿ ಕುತ್ತಿಗೆ ಹಿಡಿಯುತ್ತದೆ ಎನ್ನುತ್ತಾರೆ. — ವಿದ್ಯಾರ್ಥಿನಿ, ಸಾಗರ

ಜಾರುವುದು ನಿಜ. ಆ ಪಟ್ಟಿಗೆ, ಅಂದರೆ ಹುಡ್‌ಗೆ, ಮುಂದುಗಡೆ ಒಂದು ಸಣ್ಣ ದಾರದ ಕುಣಿಕೆ ಇರುತ್ತದೆ. ಅದು ಅಂಗಿಯ ಗುಂಡಿಗೆ ಸಿಕ್ಕಿಸಲು. ಸೀರೆಯಲ್ಲಿ ಗುಂಡಿ ಇರುವುದಿಲ್ಲವಾದ್ದರಿಂದ ಹುಡ್‌ನ ಭಾರವೆಲ್ಲ ಬೆನ್ನಿಗೆ ಎಳೆಯುತ್ತದೆ. ಎರಡೂ ಹೆಗಲ ಮೇಲೆ ಗೌನಿಗೆ ಸೇರಿಸಿ ಒಂದೊಂದು ಸೇಫ್ಟಿ ಪಿನ್ ಹಾಕಿ, ಎದೆಯ ಹತ್ತಿರ ಕುಣಿಕೆಗೆ ಇನ್ನೊಂದು. ಪಿನ್ ಒಳಬದಿಯಿಂದ ಹಾಕಿದರೆ ಫೋಟೋದಲ್ಲಿ ಕಾಣುವುದಿಲ್ಲ. ಸೆರಗನ್ನು ಸಣ್ಣ ನೆರಿಗೆ ಮಾಡಿ ರವಿಕೆಗೆ ಮೊದಲೇ ಪಿನ್ ಮಾಡಿಕೊಳ್ಳಿ, ಉದ್ದ ಸೆರಗು ಗೌನಿನಡಿ ಮುದ್ದೆಯಾಗಿ ಬೆನ್ನು ಉಬ್ಬಿದಂತೆ ಕಾಣುತ್ತದೆ. ಟೋಪಿ ಇದ್ದರೆ ತುರುಬು ಕತ್ತಿನ ಹತ್ತಿರ ಇಳಿಸಿ ಕಟ್ಟಿ, ಅರ್ಧ ಮೊಳ ಮಲ್ಲಿಗೆ ಅಲ್ಲೇ ಸಾಕು. ಬಾಡಿಗೆ ಗೌನಾದರೆ ಪಡೆಯುವಾಗಲೇ ಹರಿದ ಹೊಲಿಗೆ ಇದೆಯೇ ನೋಡಿ ತೋರಿಸಿಬಿಡಿ, ಠೇವಣಿ ರಸೀದಿ ಅಪ್ಪ ಅಮ್ಮನ ಕೈಗೆ ಕೊಡಿ.

ಅಣ್ಣನ ಮಗ ಎಂಜಿನಿಯರಿಂಗ್ ಮುಗಿಸಿದ್ದಾನೆ, ಬೆಂಗಳೂರಿಗೆ ಹೊರಡುತ್ತಾನೆ. ಏನು ಕೊಟ್ಟರೆ ಚೆಂದ? ದುಡ್ಡಾದರೆ ಎಷ್ಟು? — ಭದ್ರಾವತಿ

ಈ ಹೊತ್ತಿನಲ್ಲಿ ದುಡ್ಡೇ ಒಳ್ಳೆಯ ಉಡುಗೊರೆ, ಸಂಕೋಚ ಬೇಡ. ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಅಂಕಗಳ ಅಧಿಕೃತ ಪಟ್ಟಿ) ಶುಲ್ಕ, ಪಿ.ಜಿ. (ಪೇಯಿಂಗ್ ಗೆಸ್ಟ್ ವಸತಿ) ಮುಂಗಡ, ಸಂದರ್ಶನಕ್ಕೆ ಓಡಾಟ, ಎಲ್ಲವೂ ಮೊದಲ ಸಂಬಳಕ್ಕೆ ಮೊದಲೇ ಎದುರಾಗುತ್ತವೆ. 501, 1001, ನಿಮ್ಮ ಕೈಲಾದಷ್ಟು. ಹಿಂದಿನ ಮುಯ್ಯಿ ಲೆಕ್ಕ ಇಲ್ಲಿ ತರಬೇಡಿ. ಓದಿದವನು ಮಗು, ಲೆಕ್ಕ ಇರುವುದು ಹಿರಿಯರ ನಡುವೆ. ಕವರನ್ನು ಅಪ್ಪನ ಕೈಗಲ್ಲ, ಅವನ ಕೈಗೇ ಕೊಡಿ.

ವಸ್ತುವನ್ನೇ ಕೊಡುವುದಾದರೆ ಪಿ.ಜಿ. ಕೋಣೆಯಲ್ಲಿ ಜಾಗವಿರುವುದನ್ನು ಕೊಡಿ. ಅಂಗಿ ಬಟ್ಟೆ ಕೊಡುವವರು ಪನ್ನ, ಅಂದರೆ ಬಟ್ಟೆಯ ಅಗಲ, ಕೇಳಿ ಕೊಳ್ಳಿ: 36 ಅಂಗುಲ ಪನ್ನಕ್ಕೆ ತುಂಬುತೋಳಿನ ಅಂಗಿಗೆ ಸುಮಾರು ಎರಡೂವರೆ ಮೀಟರ್ ಬೇಕು, 58 ಅಂಗುಲಕ್ಕೆ 1.6 ಮೀಟರ್ ಸಾಕು. ಎತ್ತರದ ಹುಡುಗನಾದರೆ ಸ್ವಲ್ಪ ಹೆಚ್ಚು ಕೊಳ್ಳಿ. ಹೊಲಿಗೆ ಕೂಲಿಯನ್ನೂ ಜೊತೆಗೆ ಇಡಿ, ಇಲ್ಲವಾದರೆ ಆ ಬಟ್ಟೆ ಪೆಟ್ಟಿಗೆಯಲ್ಲೇ ಹಳೆಯದಾಗುತ್ತದೆ. ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದ ಕೈಮಗ್ಗದ ಜುಬ್ಬಾ ನಮ್ಮ ನೆಲದ ಒಳ್ಳೆಯ ಉಡುಗೊರೆ. ಅಡಿಕೆ ಚೊಗರಿನಂಥ (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ) ಸಹಜ ಬಣ್ಣದ ಬಟ್ಟೆಯನ್ನು ಮೆದು ಸೋಪಿನಲ್ಲಿ ಬೇರೆಯಾಗಿ ಒಗೆದು ನೆರಳಲ್ಲಿ ಒಣಗಿಸಬೇಕೆಂದು ಚೀಟಿ ಬರೆದಿಡಿ. ಕ್ಷಾರ ಹೆಚ್ಚಿರುವ ಸೋಪು, ನಿಂಬೆರಸ ಎರಡೂ ಅದರ ಬಣ್ಣ ಕೆಡಿಸುತ್ತವೆ. ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆ ಕೊಡುವ ಆಸೆಯಿದ್ದರೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದನ್ನು ಆರಿಸಿ, ಮರ ಯಾವುದೆಂದು ಬಿಲ್ಲಿನಲ್ಲಿ ಬರೆಸಿ. ಬೇರೆ ಮರಕ್ಕೆ ಗಂಧದೆಣ್ಣೆ ಸವರಿ ಮಾರುವವರಿದ್ದಾರೆ. ಚಿನ್ನದ ಒಡವೆಯಾದರೆ ಹಾಲ್‌ಮಾರ್ಕಿನ ಪಕ್ಕ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತು ಸಂಖ್ಯೆ ನೋಡಿ ಕೊಳ್ಳಿ.

ಸೊಸೆಯ ಪದವಿ ಪ್ರಮಾಣಪತ್ರವನ್ನು ಲ್ಯಾಮಿನೇಶನ್ ಮಾಡಿಸಿ, ಫ್ರೇಮ್ ಹಾಕಿಸಿ ಉಡುಗೊರೆ ಕೊಡಬೇಕೆಂದಿದ್ದೇನೆ. — ನಿವೃತ್ತ ಶಿಕ್ಷಕರು, ಸೊರಬ

ಸರ್, ದಯವಿಟ್ಟು ಮೂಲಪತ್ರಕ್ಕೆ ಎರಡನ್ನೂ ಮಾಡಿಸಬೇಡಿ. ನಾಳೆ ಅವರು ವಿದೇಶಕ್ಕೆ ಹೊರಟರೆ ಮೂಲಪತ್ರದ ಮೇಲೆಯೇ ದೃಢೀಕರಣದ ಮೊಹರು ಬೀಳಬೇಕು, ವಿದೇಶದಲ್ಲಿ ಪತ್ರ ಮಾನ್ಯವಾಗಲು ಬೇಕಾದ ಅಪೋಸ್ಟಿಲ್ ಚೀಟಿ ಅಂಟಿಸಬೇಕು. ಪ್ಲಾಸ್ಟಿಕ್ಕಿನೊಳಗೆ ಮುಚ್ಚಿದ ಪತ್ರಕ್ಕೆ ಅದು ಸಾಧ್ಯವಿಲ್ಲ. ಬಿಸಿ ಲ್ಯಾಮಿನೇಶನ್ನಿನ ಅಂಟು ಕಾಗದದೊಳಗೆ ಇಳಿಯುವುದರಿಂದ ಬಿಡಿಸಲು ಹೋದರೆ ಶಾಯಿಯ ಜೊತೆಗೇ ಕಿತ್ತು ಬರುತ್ತದೆ. ಹಾಳಾದರೆ ವಿಶ್ವವಿದ್ಯಾಲಯದಿಂದ ಎರಡನೇ ಪ್ರತಿ ಪಡೆಯಲು ಅರ್ಜಿ, ಅಫಿಡವಿಟ್, ಶುಲ್ಕ ಎಂದು ತಿಂಗಳುಗಟ್ಟಲೆ ಅಲೆದಾಟ.

ಫ್ರೇಮಿನ ತೊಂದರೆ ಬೇರೆ. ಮಳೆಗಾಲದಲ್ಲಿ ನಮ್ಮ ಗೋಡೆಗಳು ಥಂಡಿ ಹೀರುತ್ತವೆ. ಹಿಂಬದಿಯ ರಟ್ಟು ತೇವ ಹಿಡಿದು ಬೂಷ್ಟು ಬರುತ್ತದೆ, ಕಾಗದ ಗಾಜಿಗೆ ಅಂಟುತ್ತದೆ, ಹಿಂದುಗಡೆಯಿಂದ ಒರಲೆ ಹತ್ತಿದ್ದು ಕಾಣುವುದೇ ಇಲ್ಲ. ಗೋಡೆಗೆ ಬೇಕೇಬೇಕೆಂದರೆ ದಪ್ಪ ಕಾಗದದ ಮೇಲೆ ಬಣ್ಣದ ನಕಲು ತೆಗೆಸಿ, ಅದಕ್ಕೆ ಫ್ರೇಮ್ ಹಾಕಿಸಿ. ನಾಲ್ಕು ಮೂಲೆಗೂ ಕಾರ್ಕ್ ಅಥವಾ ರಬ್ಬರ್ ಬಿಲ್ಲೆ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡುತ್ತದೆ.

ನಿಮ್ಮ ಮನಸ್ಸಿನಲ್ಲಿರುವುದು ಪತ್ರ ಕೆಡಬಾರದೆಂಬ ಕಾಳಜಿ. ಅದಕ್ಕೆ ಒಳ್ಳೆಯ ಫೈಲ್ ಕೊಡಿ. ಮೊದಲು ಪ್ರಮಾಣಪತ್ರ ಅಳೆಯಿರಿ. ಅದು ಎ4ಕ್ಕಿಂತ, ಅಂದರೆ 21×29.7 ಸೆಂ.ಮೀ.ಗಿಂತ, ದೊಡ್ಡದಾಗಿದ್ದರೆ ಎ3 ಫೈಲ್ ಕೊಳ್ಳಿ, ಮಡಚಿದ ಗೆರೆಯಲ್ಲೇ ಕಾಗದ ಹರಿಯುವುದು. ಒಳಹಾಳೆಗಳು ಪಾಲಿಪ್ರೊಪಿಲೀನಿನವು ಇರಲಿ. ಮೆತ್ತಗೆ ಅಂಟಂಟಾಗಿ, ವಾಸನೆ ಬರುವ ಪಿ.ವಿ.ಸಿ. ಹಾಳೆ ಕೆಲವು ವರ್ಷದಲ್ಲಿ ಶಾಯಿಯನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಒಂದು ಹಾಳೆಗೆ ಒಂದೇ ಪತ್ರ. ಫೈಲನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು 10 ಗ್ರಾಂನ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದು ತುಂಬಿದೆ ಎಂದರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ. ಆ ಬಣ್ಣ ವಿಷವಾದ್ದರಿಂದ ಮಕ್ಕಳ ಕೈಗೆ ಸಿಗದಿರಲಿ.

ಸರ್ಕಾರದ ಡಿಜಿಟಲ್ ದಾಖಲೆ ಪೆಟ್ಟಿಗೆಯಾದ ಡಿಜಿಲಾಕರ್‌ನಲ್ಲಿ ಪದವಿ ಪ್ರಮಾಣಪತ್ರ ಬಂದಿದೆಯೇ ಎಂದೂ ಸೊಸೆಗೆ ನೋಡಲು ಹೇಳಿ. ಸಂಸ್ಥೆಯೇ ಅಲ್ಲಿ ನೀಡಿದ ಪತ್ರಕ್ಕೆ ಕಾನೂನಿನಲ್ಲಿ ಮೂಲಪತ್ರದಷ್ಟೇ ಮಾನ್ಯತೆ ಇದೆ. ಹೆಸರಿನ ಕಾಗುಣಿತ ಹತ್ತನೇ ತರಗತಿಯ ಅಂಕಪಟ್ಟಿಯಂತೆಯೇ ಇದೆಯೇ ಎಂಬುದನ್ನು ಪತ್ರ ಕೈಗೆ ಬಂದ ದಿನವೇ ನೋಡಿಬಿಡಿ. ತಡವಾದಷ್ಟೂ ತಿದ್ದುಪಡಿ ಕಷ್ಟ.

ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಒಯ್ಯಬಹುದೆ? — ಕೊಪ್ಪ

ಸಭಾಂಗಣದೊಳಗೆ ಬೇಡ, ಬಾಗಿಲಲ್ಲೇ ಇಳಿಸಿಕೊಳ್ಳುತ್ತಾರೆ. ಪೇಟ, ಹಾರ ಕಾರಿನಲ್ಲಿರಲಿ. ಕಾರ್ಯಕ್ರಮ ಮುಗಿದ ಮೇಲೆ ಹೊರಗೆ ಹಾಕಿ ಫೋಟೋ ತೆಗೆಯಿರಿ, ಆದರೆ ಪದಕ ಕಾಣುವಂತೆ ಒಂದು ಫೋಟೋ ಹಾರಕ್ಕೆ ಮೊದಲೇ ಆಗಲಿ. ಹೂವಿನ ಹಾರ ಬಾಡಿಗೆ ಗೌನಿನ ಮೇಲೆ ನೀರು, ಪರಾಗದ ಕಲೆ ಬಿಡುತ್ತದೆ. ಗೌನು ಹಿಂದಿರುಗಿಸಿದ ಮೇಲೆ ಹಾಕಿದರೆ ಠೇವಣಿಗೂ ತೊಂದರೆಯಿಲ್ಲ.