ಸಂಪಾದಕರ ಉತ್ತರ: ನಾಲ್ಕು ಗಂಟೆಯ ಅಲಾರಂ, ಮಾವನ ಬೇಳೆ ಮಿಲ್

ಚಿತ್ತಾಪುರ ತಾಲ್ಲೂಕಿನ ಓದುಗರೊಬ್ಬರ ಪತ್ರ (ಹೆಸರು ಹಾಕಬೇಡಿ ಎಂದಿದ್ದಾರೆ): “ಶಿಸ್ತಿನಿಂದ ಓದಿ ಅಧಿಕಾರಿಯಾದವರ ಸಂದರ್ಶನವನ್ನು ಕಳೆದ ಸಂಚಿಕೆಯಲ್ಲಿ ಓದಿದೆ. ಕಲಬುರಗಿಯಲ್ಲಿ ಕೋಣೆ ಹಿಡಿದು ಐದು ವರ್ಷಗಳಿಂದ ನಾನೂ ನಸುಕಿನ ನಾಲ್ಕಕ್ಕೆ ಏಳುತ್ತಿದ್ದೇನೆ. ಪಿಎಸ್‌ಐ ಪರೀಕ್ಷೆ ಬರೆದೆ, ಅದು ರದ್ದಾಯಿತು. ಮತ್ತೆ ಬರೆದೆ, ಆಯ್ಕೆಯಾಗಲಿಲ್ಲ. ಸೋದರಮಾವ ತಮ್ಮ ಬೇಳೆ ಮಿಲ್‌ನ ಲೆಕ್ಕ ನೋಡಿಕೊಳ್ಳಲು ಕರೆಯುತ್ತಿದ್ದಾರೆ. ಹೋದರೆ ಸೋಲೊಪ್ಪಿದಂತೆ. ಶಿಸ್ತಿಗೆ ಫಲವಿದೆ ಎನ್ನುವುದು ನಿಜವೇ? ನನ್ನ ದಿನಚರಿ ಲಗತ್ತಿಸಿದ್ದೇನೆ.”

ನಮಸ್ಕಾರ.

ನಿಮ್ಮ ಸಿಟ್ಟು ನ್ಯಾಯವಾದುದೇ. ಅದೇ ಹೊತ್ತಿಗೆ ಎದ್ದು, ಅದೇ ಪುಸ್ತಕ ಓದಿ ಆಯ್ಕೆಯಾಗದವರನ್ನು ಯಾವ ಪತ್ರಿಕೆಯೂ ಮಾತನಾಡಿಸುವುದಿಲ್ಲ. 545 ಹುದ್ದೆಗಳಿಗೆ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದ ಪರೀಕ್ಷೆ ಅದು. ಅಷ್ಟೂ ಮಂದಿ ನಾಲ್ಕಕ್ಕೆ ಎದ್ದರೂ 546ನೇ ಹುದ್ದೆ ಹುಟ್ಟುವುದಿಲ್ಲ.

ಇನ್ನು ಪರೀಕ್ಷೆ ನಡೆಸಿದವರ ಶಿಸ್ತಿನ ಮಾತು. 2021ರ ಅಕ್ಟೋಬರ್ 3ರಂದು ನೀವು ಬರೆದ ಪರೀಕ್ಷೆಯ ಅಕ್ರಮದ ಎಳೆ ಮೊದಲು ಬಿಚ್ಚಿಕೊಂಡದ್ದು ನಮ್ಮದೇ ಕಲಬುರಗಿಯ ಒಂದು ಕೇಂದ್ರದಲ್ಲಿ. 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು, ಅದೂ ಬೆಂಗಳೂರಿನಲ್ಲಿ. ನಡುವಿನ ಆ ಎರಡು ವರ್ಷಕ್ಕೂ ನಿಮ್ಮ ಅಲಾರಂಗೂ ಸಂಬಂಧವಿಲ್ಲ. ಅದನ್ನು ನಿಮ್ಮ ಸೋಲಿನ ಖಾತೆಗೆ ಬರೆದುಕೊಳ್ಳಬೇಡಿ.

ನಿಮ್ಮಂಥವರಿಗೆ ಕಾಯಕವೇ ಕೈಲಾಸ ಎಂದು ಉಪದೇಶಿಸುವವರಿಗೆ ನಮ್ಮ ಭಾಗದಲ್ಲಿ ಬರವಿಲ್ಲ; ಬಸವಕಲ್ಯಾಣ ಪಕ್ಕದಲ್ಲೇ ಇದೆಯಲ್ಲ! ಆದರೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆಯನ್ನು ನೆನೆಯಿರಿ. ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ ಹೆಂಡತಿ ಅದನ್ನು ಮರಳಿ ಸುರಿದು ಬರಲು ಕಳುಹಿಸಿದಳು. ದುರಾಸೆ ಬೇಡ ಎನ್ನಲು ಈ ಕಥೆ ಹೇಳುತ್ತೇವೆ. ನನಗೆ ಅದರಲ್ಲಿ ಕಾಣುವುದು ಇನ್ನೊಂದು: ಅಂದಿನ ದುಡಿಮೆಗೆ ಅಂದೇ ಅಕ್ಕಿ ಸಿಗುತ್ತಿತ್ತು. ನೀವು ಮಾಡುತ್ತಿರುವುದು ಐದು ವರ್ಷ ದುಡಿದು ಒಂದೇ ದಿನ ಕೂಲಿ ಕೇಳುವ ಕೆಲಸ. ಆ ದಿನವೂ ಸಿಕ್ಕರೆ ಸಿಕ್ಕಿತು. ಇದನ್ನು ಕಾಯಕವೆಂದು ಕರೆದು ನಿಮ್ಮನ್ನು ಸಮಾಧಾನಪಡಿಸಲು ನನಗೆ ಮನಸ್ಸಿಲ್ಲ.

ನಿಮ್ಮ ದಿನಚರಿಯಲ್ಲಿ ನನಗೆ ಹಿಡಿಸಿದ್ದು ಓಟದ ಪುಟ. 1600 ಮೀಟರ್‌ಗೆ ಮೊದಲು ಎಂಟೂವರೆ ನಿಮಿಷ, ಮಳೆಗಾಲ ಮುಗಿಯುವಷ್ಟರಲ್ಲಿ ಏಳು, ಆಮೇಲೆ ಆರು ಚಿಲ್ಲರೆ. ಕಾಲು ಉಳುಕಿದ ವಾರ ಮತ್ತೆ ಏಳೂಕಾಲು. ಅದನ್ನೂ ಮುಚ್ಚಿಡದೆ ಬರೆದಿದ್ದೀರಿ. ಅಲ್ಲಿ ಪ್ರತಿದಿನ ಗಡಿಯಾರ ನಿಮಗೆ ಉತ್ತರ ಕೊಟ್ಟಿದೆ, ನೀವು ಅದರಂತೆ ತಿದ್ದಿಕೊಂಡಿದ್ದೀರಿ. ಓದಿನ ಪುಟಕ್ಕೆ ಬಂದರೆ “ಇತಿಹಾಸ ಮೂರನೇ ಸಲ, ಭೂಗೋಳ ನಾಲ್ಕನೇ ಸಲ, ಒಟ್ಟು ಹನ್ನೊಂದು ತಾಸು.” ಎಷ್ಟು ತಾಸು ಕುಳಿತಿರಿ ಎಂಬುದಿದೆ, ಎಷ್ಟು ತಲೆಗೆ ಹೋಯಿತು ಎಂಬುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಯ ಸುದ್ದಿಯೇ ಇಲ್ಲ. ಪ್ರಬಂಧ, ಅನುವಾದಗಳಿರುವ ಮೊದಲ ಪತ್ರಿಕೆಗೆ 50 ಅಂಕ. ಅದಕ್ಕಾಗಿ ಒಂದು ಸಾಲು ಬರೆದ ಗುರುತೂ ಕಾಣಲಿಲ್ಲ. ಓದಿಗೂ ಒಂದು ಗಡಿಯಾರ ಹಿಡಿಯಿರಿ. ವಾರಕ್ಕೊಂದು ಹಳೆಯ ಪತ್ರಿಕೆಯನ್ನು ಪರೀಕ್ಷೆಯ ಅವಧಿಯೊಳಗೆ ಬಿಡಿಸಿ, ತಪ್ಪಾದ ಪ್ರಶ್ನೆಗಳನ್ನು ಮಾತ್ರ ಒಂದು ನೋಟ್‌ಬುಕ್ಕಿಗೆ ಇಳಿಸಿ. ಮುಂದಿನ ವಾರ ಓದಬೇಕಾದದ್ದು ಅದನ್ನೇ. ಏಳುವುದು ನಾಲ್ಕಕ್ಕೋ ಆರಕ್ಕೋ, ನಿಮ್ಮ ಇಷ್ಟ.

ಪಿಎಸ್‌ಐ ಒಂದನ್ನೇ ಹಿಡಿದು ಕೂರುವುದೂ ಬೇಡ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ‘ಸಿ’ ಗುಂಪಿನ ಶೇ 80ರಷ್ಟು ಹುದ್ದೆಗಳು ನಮ್ಮವರಿಗೇ ಮೀಸಲು. ಈ ಮೀಸಲಿಗೆ ಬೇಕಾದ ಅರ್ಹತಾ ಪ್ರಮಾಣಪತ್ರ ಇನ್ನೂ ಮಾಡಿಸಿಲ್ಲವಾದರೆ ಈ ವಾರವೇ ಆ ಕೆಲಸ ಮುಗಿಸಿ. ಅಧಿಸೂಚನೆ ಬಂದ ಮೇಲೆ ಕಚೇರಿಯ ಸರದಿಯಲ್ಲಿ ನಿಲ್ಲುವುದು ಬೇಡ.

ಇನ್ನು ಮಾವನ ಮಿಲ್. ಹೋಗಿ, ಅರ್ಧ ದಿನ ಹೋಗಿ. ಡಿಸೆಂಬರ್, ಜನವರಿಯಲ್ಲಿ ಹೊಸ ತೊಗರಿ ಮಾರುಕಟ್ಟೆಗೆ ಬರತೊಡಗಿದರೆ ಅವರಿಗೆ ಕೈ ಸಾಲದು. ಎಷ್ಟು ಕ್ವಿಂಟಲ್ ತೊಗರಿ ಒಳಗೆ ಬಂತು, ಬೇಳೆ ಎಷ್ಟು ಇಳಿಯಿತು, ನುಚ್ಚು ಎಷ್ಟು, ಹೊಟ್ಟು ಎಷ್ಟು ಎಂಬ ಲೆಕ್ಕ ಸಂಜೆಯೊಳಗೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಅಂದೇ ಗೊತ್ತಾಗುತ್ತದೆ. ಕೈಯಲ್ಲಿ ನಿಮ್ಮದೇ ದುಡ್ಡಿದ್ದರೆ ಕೋಣೆಯ ಬಾಡಿಗೆಗೆ ತಂದೆಗೆ ಫೋನ್ ಮಾಡುವುದು ತಪ್ಪುತ್ತದೆ. ಐದು ವರ್ಷಗಳಲ್ಲಿ ನಿಮ್ಮನ್ನು ಹೆಚ್ಚು ಹಣ್ಣು ಮಾಡಿದ್ದು ಆ ಫೋನೇ ಎಂದು ಪತ್ರದ ಎರಡನೇ ಪುಟವೇ ಹೇಳುತ್ತದೆ. ಇದರಲ್ಲಿ ಸೋಲೆಲ್ಲಿ ಬಂತು? ಕೆಲಸದಲ್ಲಿದ್ದುಕೊಂಡೇ ಪರೀಕ್ಷೆ ಬರೆದು ಆಯ್ಕೆಯಾಗುವವರು ಎಲ್ಲ ಪಟ್ಟಿಯಲ್ಲೂ ಇರುತ್ತಾರೆ.

ಒಂದು ಎಚ್ಚರಿಕೆ ಮಾತ್ರ. ಸಂಬಳ ಎಷ್ಟು, ಪರೀಕ್ಷೆಯ ಮುಂಚೆ ರಜೆ ಎಷ್ಟು ದಿನ ಎಂಬುದನ್ನು ಮಾವನ ಹತ್ತಿರ ಮೊದಲ ದಿನವೇ ಮಾತನಾಡಿಕೊಳ್ಳಿ. ನಾಚಿಕೆಯಾದರೆ ಅತ್ತೆಯ ಎದುರು ಮಾತನಾಡಿ. ಮಾತು ಬೇಗ ಮುಗಿಯುತ್ತದೆ.

— ಸಂಪಾದಕ