ತೊಂದರೆ ಏನೂ ಇಲ್ಲದಿದ್ದರೂ ಕೊಲೊನೋಸ್ಕೋಪಿ ಯಾಕೆ?

ತಂದೆಗೆ 44ಕ್ಕೇ ಕರುಳಿನ ಕ್ಯಾನ್ಸರ್ ಬಂತು, 27ರ ನಿಮ್ಮಲ್ಲೂ ಅದೇ ಲಿಂಚ್ ಸಿಂಡ್ರೋಮ್ (ಕ್ಯಾನ್ಸರ್ ಅಪಾಯ ಹೆಚ್ಚಿಸುವ, ವಂಶದಲ್ಲಿ ಬರುವ ತೊಂದರೆ), ಎಂಎಲ್‌ಎಚ್‌1 ಜೀನ್‌ನ ದೋಷ ಸಿಕ್ಕಿದೆ ಎಂದು ಬರೆದಿದ್ದೀರಿ. ಏನೂ ತೊಂದರೆ ಇಲ್ಲ, ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಯಾಕೆ, ಮಲ ಪರೀಕ್ಷೆ ಸಾಲದೇ ಎಂಬುದು ನಿಮ್ಮ ಪ್ರಶ್ನೆ. ಸಾಲದು.

ಸಾಮಾನ್ಯವಾಗಿ ಕರುಳಿನ ಪಾಲಿಪ್ (ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು) ಕ್ಯಾನ್ಸರ್ ಆಗಲು ಹತ್ತು ವರ್ಷದಷ್ಟು ಹಿಡಿಯುತ್ತದೆ. ಲಿಂಚ್ ಇರುವವರಲ್ಲಿ ಡಿಎನ್‌ಎ ನಕಲಾಗುವಾಗಿನ ತಪ್ಪುಗಳನ್ನು ತಿದ್ದುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ಹಾಗಾಗಿ ಕೆಲವರಲ್ಲಿ ಎರಡು ಮೂರು ವರ್ಷವೇ ಸಾಕು. ಅದಕ್ಕೇ ನಿಮ್ಮ ಜೀನ್‌ಗೆ 20–25ನೇ ವಯಸ್ಸಿನಿಂದಲೇ ಶುರುಮಾಡಿ, ಒಂದೆರಡು ವರ್ಷಕ್ಕೊಮ್ಮೆ ನೋಡಬೇಕು ಎನ್ನುವುದು. ಎಂಎಸ್‌ಎಚ್‌6, ಪಿಎಂಎಸ್‌2 ಎಂಬ ಲಿಂಚ್‌ನ ಬೇರೆ ಜೀನ್‌ಗಳ ದೋಷವಾಗಿದ್ದರೆ ಸ್ವಲ್ಪ ತಡವಾಗಿ ಶುರುಮಾಡಬಹುದಿತ್ತು. ಇನ್ನೊಂದು ವಿಷಯ, ಇಲ್ಲಿ ಪಾಲಿಪ್‌ಗಳು ಚಪ್ಪಟೆಯಾಗಿರುವುದು ಜಾಸ್ತಿ. ರಕ್ತ ಸೋರದಿದ್ದರೆ ಮಲ ಪರೀಕ್ಷೆಗೆ ಸಿಗುವುದೇ ಇಲ್ಲ. ಕೊಲೊನೋಸ್ಕೋಪಿಯಲ್ಲಿ ಕಂಡದ್ದನ್ನು ಆಗಲೇ ತೆಗೆದುಬಿಡಬಹುದು.

ಹಿಂದಿನ ದಿನ ಕುಡಿಯುವ ಭೇದಿ ಔಷಧಿ ಹಿಂಸೆಯೇ, ನಿಜ. ಆದರೆ ದಯವಿಟ್ಟು ಅರ್ಧಕ್ಕೆ ಬಿಡಬೇಡಿ. ಕರುಳು ಚೊಕ್ಕವಾಗದಿದ್ದರೆ ಚಪ್ಪಟೆ ಪಾಲಿಪ್ ಕಣ್ಣಿಗೆ ಬೀಳುವುದಿಲ್ಲ. ಎರಡು ಕಂತಿನಲ್ಲಿ, ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಯ ದಿನ ಕುಡಿಯಬಹುದೇ ಎಂದು ಕೇಳಿ. ಅದು ಸುಲಭ, ಚೊಕ್ಕವೂ ಆಗುತ್ತದೆ.

ಎರಡು ಪರೀಕ್ಷೆಗಳ ನಡುವೆಯೂ ಕ್ಯಾನ್ಸರ್ ಬರಬಹುದು. ಮಲದಲ್ಲಿ ರಕ್ತ, ಕಾರಣವಿಲ್ಲದ ರಕ್ತಹೀನತೆ ಕಂಡರೆ ಮುಂದಿನ ತಾರೀಕಿಗೆ ಕಾಯಬೇಡಿ. ಆಸ್ಪಿರಿನ್ ಬಗ್ಗೆಯೂ ವೈದ್ಯರನ್ನು ಕೇಳಿ, ಲಿಂಚ್‌ನಲ್ಲಿ ಅದರಿಂದ ಲಾಭವಿದೆ, ಆದರೆ ಸುಮ್ನೆ ನೀವೇ ಶುರುಮಾಡಬೇಡಿ. ಒಡಹುಟ್ಟಿದವರಿಗೂ ಹೇಳಿದ್ದೀರಿ ಅಲ್ವಾ? ಅವರಲ್ಲಿ ಒಬ್ಬೊಬ್ಬರಿಗೂ ಈ ದೋಷ ಇರುವ ಸಾಧ್ಯತೆ ಶೇ. 50.