ನಿಮ್ಮ ಲೇಖನ ಕೊನೆಯ ಸಾಲಿನಿಂದ ಶುರುವಾಗಲಿ

ಪ್ರಿಯರೇ,

ಇಂಗ್ಲೆಂಡಿನ ಟ್ಯೂಕ್ಸ್‌ಬರಿ ಮಠದ ಚರ್ಚನ್ನು ನೋಡಿ ಬಂದು ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ.

ಮೊದಲ ಪುಟದಲ್ಲೇ ‘ಭವ್ಯ’ ಆರು ಸಲ ಬಂದಿದೆ. ಗೋಪುರ ಭವ್ಯವೆಂದರೆ ಓದುಗರ ಕಣ್ಣಿಗೆ ಏನೂ ಕಟ್ಟುವುದಿಲ್ಲ. 148 ಅಡಿ ಎತ್ತರ, ಒಂದೊಂದು ಮಗ್ಗುಲೂ 46 ಅಡಿ ಎನ್ನಿ. ಕಟ್ಟಡದ ಕಲ್ಲು ಫ್ರಾನ್ಸಿನ ಕಾನ್‌ನಿಂದ ಕಡಲು ದಾಟಿ, ಸೆವರ್ನ್ ನದಿಯಲ್ಲಿ ದೋಣಿಯೇರಿ ಬಂತು ಎನ್ನಿ. ಸಾಕು.

ಒಂದು ತಪ್ಪನ್ನು ತಿದ್ದಲೇಬೇಕು. ಹಜಾರದ ದಪ್ಪನೆಯ ದುಂಡು ಕಂಬಗಳನ್ನು ಗಾಥಿಕ್, ಅಂದರೆ ಚೂಪು ಕಮಾನುಗಳ ನಂತರದ ಶೈಲಿಯವು, ಎಂದಿದ್ದೀರಿ. ಅವು ನಾರ್ಮನ್ನರ ಕಾಲದವು, ಚರ್ಚಿನ ಪ್ರತಿಷ್ಠೆಯಾದದ್ದು 1121ರಲ್ಲಿ. ಮೇಲಿನ ಕಲ್ಲಿನ ಕಮಾನು ಚಾವಣಿ ಮಾತ್ರ 14ನೇ ಶತಮಾನದ ಗಾಥಿಕ್ ಕೆಲಸ, ಅದಕ್ಕೂ ಮೊದಲು ಅಲ್ಲಿದ್ದದ್ದು ಮರದ ಚಾವಣಿ. ಕಂಬಕ್ಕೂ ಚಾವಣಿಗೂ ನಡುವೆ ಇರುವ ಇನ್ನೂರು ವರ್ಷಗಳನ್ನು ಓದುಗರಿಗೆ ಕಾಣಿಸಿ.

ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳು ಇಲ್ಲಿ ಹೋರಾಡಿದ 1471ರ ಮೇ 4ರ ಕದನಕ್ಕೆ ಒಂದೂವರೆ ಪುಟದ ವಂಶಾವಳಿ ಬೇಡ. ಸೋತ ಲ್ಯಾಂಕಾಸ್ಟರ್ ಪಕ್ಷದವರು ಓಡಿಬಂದು ಈ ಚರ್ಚಿನಲ್ಲೇ ಆಶ್ರಯ ಪಡೆದರು. ಎರಡೇ ದಿನಗಳಲ್ಲಿ ಅವರ ನಾಯಕರ ತಲೆ ಊರಿನ ಪೇಟೆಯಲ್ಲಿ ಉರುಳಿತು. ಪೂಜಾಸಾಮಗ್ರಿಯ ಕೋಣೆಯ ಬಾಗಿಲನ್ನು ನೀವು ‘ಹಳೆಯ ಬಾಗಿಲು’ ಎಂದು ಮುಗಿಸಿದ್ದೀರಿ. ಅದರ ಒಳಮೈಗೆ ಬಡಿದ ಲೋಹದ ತಗಡುಗಳು ಆ ರಣದಲ್ಲಿ ಬಿದ್ದವರ ಕವಚದ್ದೆಂದು ಊರಿನವರು ಹೇಳುತ್ತಾರೆ. ತಗಡಿನಲ್ಲಿ ತೂತುಗಳಿವೆ. ಅಲ್ಲಿ ನಿಲ್ಲಿ. ಬಳಿಕ ತಲೆಯೆತ್ತಿದರೆ ಪೂಜಾಸ್ಥಾನದ ಚಾವಣಿಯ ತುಂಬ ಗೆದ್ದ ಯಾರ್ಕ್ ಮನೆತನದ ಸೂರ್ಯಲಾಂಛನ. ಸೋತವರ ರಾಜಕುಮಾರ ಎಡ್ವರ್ಡ್ ಮಲಗಿರುವುದೂ ಇದೇ ಚರ್ಚಿನ ನೆಲದಲ್ಲಿ. ನನಗಂತೂ ಇದನ್ನು ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಇಷ್ಟೆಲ್ಲ ಆದಮೇಲೆ, ಕಟ್ಟಕಡೆಯಲ್ಲಿ ‘ಊರಿನವರು ಇದನ್ನು ಕೊಂಡರು’ ಎಂಬ ಒಂದೇ ಸಾಲು! ಲೇಖನದ ಜೀವ ಅದೇ. 1540ರಲ್ಲಿ ಎಂಟನೇ ಹೆನ್ರಿ ಮಠವನ್ನು ಮುಚ್ಚಿಸಿದ. ಹಜಾರ ಮೊದಲಿನಿಂದಲೂ ಊರವರ ಪ್ರಾರ್ಥನೆಯ ಜಾಗ, ಸನ್ಯಾಸಿಗಳ ಭಾಗವನ್ನು ಮಾತ್ರ ಕೆಡವುವ ಗತಿ ಬಂದಿತ್ತು. ಊರವರು 453 ಪೌಂಡ್ ತೆತ್ತು ಉಳಿಸಿಕೊಂಡರು. ಆ ಬೆಲೆ ಚಾವಣಿಯ ಸೀಸದ್ದು, ಗಂಟೆಗಳ ಲೋಹದ್ದು. ಕೆತ್ತನೆಗೆ, ಕಮಾನಿಗೆ ಅರಸನ ಲೆಕ್ಕದಲ್ಲಿ ಬೆಲೆಯೇ ಇರಲಿಲ್ಲ. ಇಲ್ಲಿಂದ ಆರಂಭಿಸಿ.

ತಿದ್ದಿ ಕಳಿಸಿ, ಕಾಯುತ್ತೇನೆ. ಆ ಬಾಗಿಲಿನ ಫೋಟೊ ನಿಮ್ಮಲ್ಲಿದ್ದರೆ ಜೊತೆಗಿರಲಿ.

ಸಂಪಾದಕ